ಮಂಜು ಸರಿಯುವ ತನಕ ಜೋಗದಲ್ಲಿ

ನಾನು ಮೊದಲ ಸಲ ಜೋಗಕ್ಕೆ ಹೋಗಿದ್ದು ಏಪ್ರಿಲ್‌ನಲ್ಲಿ. ಮಗಳಿಗೆ ರಜೆ ಇತ್ತು, ಅಮ್ಮನಿಗೂ ನೋಡುವ ಆಸೆ ಇತ್ತು. ಹೋಗಿ ನೋಡಿದರೆ ಕಪ್ಪು ಬಂಡೆಯ ಮೇಲೆ ಬಿಳಿ ದಾರ ಇಳಿಬಿಟ್ಟಂತೆ ಒಂದಿಷ್ಟು ನೀರು. ಅಮ್ಮ ಏನೂ ಹೇಳಲಿಲ್ಲ, ಆದರೆ ಮುಖ ಸಣ್ಣದಾಯಿತು. ತಪ್ಪು ಜೋಗದ್ದಲ್ಲ, ನಾನು ಹೋದ ಹೊತ್ತಿನದು. ಶರಾವತಿಗೆ ಮೇಲೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟೆ ಕಟ್ಟಿದರು. ಅಲ್ಲಿ ನಿಂತ ನೀರು ಕರೆಂಟ್ ಮಾಡಲು ಬೇರೆ ದಾರಿಯಲ್ಲಿ ಹೋಗುತ್ತದೆ. ನಮ್ಮ ಮನೆಯ ದೀಪಕ್ಕೂ ಅದು ಬೇಕು, ಅಲ್ವಾ? ಹಾಗಾಗಿ ಬೇಸಿಗೆಯಲ್ಲಿ ಜೋಗ ಬಡವಾಗುತ್ತದೆ. ಮಳೆಗಾಲದಲ್ಲಿ ಮತ್ತೆ ಮೈತುಂಬಿಕೊಳ್ಳುತ್ತದೆ. ಡ್ಯಾಂ ಭರ್ತಿಯಾಗಿ ಗೇಟ್ ತೆಗೆದರಂತೂ ಕೇಳುವುದೇ ಬೇಡ.

ಹೋದ ಆಗಸ್ಟ್‌ನಲ್ಲಿ ಗೇಟ್ ತೆಗೆದ ಸುದ್ದಿ ಟಿವಿಯಲ್ಲಿ ಬಂತು. ಅವತ್ತೇ ಟಿಕೆಟ್ ನೋಡಿದೆ. ಬೆಂಗಳೂರಿನಿಂದ ರಾತ್ರಿ ತಾಳಗುಪ್ಪ ರೈಲು ಹತ್ತಿ, ಬೆಳಿಗ್ಗೆ ಕೊನೇ ಸ್ಟೇಷನ್‌ನಲ್ಲಿ ಇಳಿದೆವು. ಅಲ್ಲಿಂದ ಜೋಗ ಸುಮಾರು 15 ಕಿಲೋಮೀಟರ್, ಆಟೋದಲ್ಲೇ ಹೋದೆವು. ಶನಿವಾರ, ಭಾನುವಾರ ಬೇಡ ಅಂತ ಮಂಗಳವಾರ ಹೊರಟಿದ್ದೆ. ಒಂದು ರಾತ್ರಿ ಉಳಿಯಲು ರೂಮನ್ನೂ ಹೇಳಿಟ್ಟಿದ್ದೆ. ಈ ಎರಡು ಕೆಲಸ ಮಾಡಿದ್ದಕ್ಕೇ ನಮಗೆ ಜೋಗ ಸಿಕ್ಕಿತು.

ಯಾಕೆಂದರೆ ಎದುರಿಗೆ ಹೋಗಿ ನಿಂತಾಗ ಅಲ್ಲಿ ಏನೂ ಇರಲಿಲ್ಲ. ಕಂಬಿಯ ಆಚೆ ಬರೀ ಬಿಳಿ. ಆಕಾಶದ ಮೋಡ, ಕೆಳಗಿನಿಂದ ಏಳುವ ನೀರಿನ ಹೊಗೆ, ಎರಡೂ ಸೇರಿ ಗೋಡೆ ಕಟ್ಟಿದ ಹಾಗೆ. ಸದ್ದು ಮಾತ್ರ ಎದೆಗೆ ಬಡಿಯುತ್ತಿತ್ತು. ಪಕ್ಕದಲ್ಲಿ ಒಂದು ಟೂರಿಸ್ಟ್ ಬಸ್ಸಿನವರು ಹದಿನೈದು ನಿಮಿಷ ನಿಂತು, ಬಿಳಿ ಗೋಡೆಯ ಮುಂದೆ ಫೋಟೋ ತೆಗೆಸಿಕೊಂಡು ಹೊರಟೇ ಹೋದರು. ಅಷ್ಟು ದೂರದಿಂದ ಬಂದವರು, ಪಾಪ, ನನಗೆ ಹೊಟ್ಟೆ ಕಿವುಚಿದಂತಾಯಿತು.

ಜೋಳ ಸುಡುತ್ತಿದ್ದ ಹೆಂಗಸು ಅಮ್ಮನಿಗೆ ಹೇಳಿದರು: "ಎಲ್ಲಿಗೂ ಹೋಗ್ಬೇಡಿ ಅಮ್ಮಾ. ಗಾಳಿ ಬಂದ್ರೆ ಬಿಡ್ತದೆ."

ಕಾದೆವು. ಒಂದು ಗಂಟೆ, ಎರಡು ಗಂಟೆ. ಜೋಳ ತಿಂದೆವು, ಉಪ್ಪು ಖಾರ ಹಚ್ಚಿದ ಅನಾನಸ್ ತಿಂದೆವು. ಕೊಡೆ ಸುಮ್ನೆ ಕೈಗೆ ಭಾರ, ಹನಿ ಕೆಳಗಿನಿಂದಲೂ ಹಾರಿ ಬರುತ್ತದೆ. ರೈನ್‌ಕೋಟೇ ಸರಿ. ಅಮ್ಮನ ಸೀರೆಯ ನೆರಿಗೆ ಮೊಣಕಾಲಿನವರೆಗೆ ನೆನೆದಿತ್ತು.

ಆಮೇಲೆ ಎಡಗಡೆಯಿಂದ ಗಾಳಿ ಬಂತು. ಮೊದಲು ಎದುರು ಗುಡ್ಡದ ಮರಗಳು ಕಂಡವು, ಆಮೇಲೆ ಬಂಡೆಯ ಅಂಚು. ನೋಡನೋಡುತ್ತ ಎಲ್ಲ ಬಿಚ್ಚಿಕೊಂಡಿತು. ಎಡಕ್ಕೆ ರಾಜಾ, ಅದರ ಪಕ್ಕ ರೋರರ್, ಆಮೇಲೆ ರಾಕೆಟ್, ಬಲಗಡೆ ರಾಣಿ. ಫೋಟೋದಲ್ಲಿ ನೋಡಿದಷ್ಟು ಬೆಳ್ಳಗೆ ಇರಲಿಲ್ಲ, ಹೊಸ ನೀರಿಗೆ ಮಣ್ಣಿನ ಬಣ್ಣ. ರಾಕೆಟ್ ಚಿಮ್ಮಿ ಚಿಮ್ಮಿ ಬೀಳುತ್ತದೆ. ರಾಣಿ ಬಂಡೆಯನ್ನು ಸವರಿಕೊಂಡು ನೊರೆನೊರೆಯಾಗಿ ಇಳಿಯುತ್ತಾಳೆ. ರಾಜಾ ಮಾತ್ರ ನೇರ ಕೆಳಕ್ಕೆ, 253 ಮೀಟರ್.

ಮಗಳು ಒಂದು ಆಟ ಕಂಡುಹಿಡಿದಳು. ರಾಜಾನ ಅಂಚಿನಲ್ಲಿ ನೀರಿನ ಒಂದು ಮುದ್ದೆಯನ್ನು ಗುರುತು ಹಿಡಿದು, ಅದರ ಜೊತೆಗೇ ಕಣ್ಣು ಇಳಿಸುತ್ತ ಎಣಿಸುವುದು. ಒಂದು, ಎರಡು, ಮೂರು. ಮುದ್ದೆ ನಿಧಾನಕ್ಕೆ ಒಡೆಯುತ್ತದೆ, ಬಾಲ ಬರುತ್ತದೆ, ಹತ್ತಿ ಹಿಂಜಿದ ಹಾಗೆ ಹರಡುತ್ತದೆ. ಎಂಟಕ್ಕೆ ಬರುವಷ್ಟರಲ್ಲಿ ಹೊಗೆಯೊಳಗೆ ಮಾಯ. ನಾನೂ ಎಣಿಸಿದೆ, ಅಮ್ಮನೂ ಎಣಿಸಿದರು. ಅಷ್ಟು ಎತ್ತರ ಅಂದರೆ ಎಷ್ಟು ಅನ್ನೋದು ನನಗೆ ತಿಳಿದದ್ದು ಹಾಗೆ ಎಣಿಸಿದಾಗಲೇ. ಮೀಟರ್ ಲೆಕ್ಕ ಓದಿದರೆ ಅದು ತಲೆಗೆ ಹೋಗುವುದಿಲ್ಲ.

ಹತ್ತು ಹನ್ನೆರಡು ನಿಮಿಷ ಕಂಡಿರಬಹುದು. ಮತ್ತೆ ಮುಚ್ಚಿತು. ಸಂಜೆಯೊಳಗೆ ಇನ್ನೂ ಮೂರು ಸಲ ತೆರೆಯಿತು.

ಮಧ್ಯಾಹ್ನ ಸೇತುವೆ ದಾಟಿ ಉತ್ತರ ಕನ್ನಡದ ಕಡೆ, ಬ್ರಿಟಿಷ್ ಬಂಗಲೆ ಹತ್ತಿರವೂ ಹೋಗಿಬಂದೆವು. ಅಲ್ಲಿ ಜಲಪಾತ ಎದುರಿಗೆ ಕಾಣುವುದಿಲ್ಲ, ಪಕ್ಕದಿಂದ ಕಾಣುತ್ತದೆ. ಹೊಳೆ ಅಂಚಿಗೆ ಬಂದು ಬೀಳುವುದನ್ನು ಮೇಲಿನಿಂದ ನೋಡಬಹುದು. ಬಂಡೆ ಪಾಚಿ ಕಟ್ಟಿ ಜಾರುತ್ತದೆ, ಕಂಬಿ ದಾಟಲೇಬೇಡಿ. ಸೆಲ್ಫಿಗಾಗಿ ಆಚೆ ಇಳಿದ ಇಬ್ಬರು ಹುಡುಗರನ್ನು ನಾನು ಕೂಗಿ ಕರೆದೆ, ದೇವರ ದಯೆ, ವಾಪಸ್ ಬಂದರು. ಹುಲ್ಲಲ್ಲಿ ಇಂಬಳ, ಅಂದರೆ ಜಿಗಣೆ, ಜಾಸ್ತಿ, ಜೇಬಲ್ಲಿ ಒಂದು ಚಿಟಿಕೆ ಉಪ್ಪು ಇಟ್ಟುಕೊಳ್ಳಿ. ಬುಡಕ್ಕೆ ಇಳಿಯುವ ಮೆಟ್ಟಿಲು ಮಳೆಗಾಲಕ್ಕಲ್ಲ. ಸಾವಿರಕ್ಕಿಂತ ಜಾಸ್ತಿ ಮೆಟ್ಟಿಲಿವೆ, ಅಮ್ಮನಂಥವರಿಗೆ ಯಾವ ಕಾಲದಲ್ಲೂ ಬೇಡ.

ಮರುದಿನ ಹೊರಡುವ ಮೊದಲು ಇನ್ನೊಮ್ಮೆ ಹೋದೆವು. ಮತ್ತೆ ಬಿಳಿ ಗೋಡೆ. ಬಸ್ಸಿಗೆ ಅರ್ಧ ಗಂಟೆ ಇತ್ತು. "ಕಾಣಲ್ಲಮ್ಮ, ಹೋಗೋಣ" ಅಂದೆ.

"ಇರು, ಕೇಳಿಸ್ತಿದೆಯಲ್ಲ," ಅಂತ ಅಮ್ಮ ಒದ್ದೆ ಬೆಂಚಿನ ಮೇಲೆ ಟವೆಲ್ ಹಾಸಿ ಕೂತರು.