ಲ್ಯಾಕ್ರಾಸ್ ಆಟಗಾರನ ಪರಿಚಯ ಬರೆಯುವ ಬಗೆ: ಗ್ಯಾರಿ ಗೇಟ್ ಉದಾಹರಣೆ

ಲ್ಯಾಕ್ರಾಸ್ ಎಂದರೆ ತುದಿಗೆ ಬಲೆ ಕಟ್ಟಿದ ಕೋಲಿನಿಂದ ಚೆಂಡನ್ನು ಹಿಡಿದು, ಎಸೆದು ಗೋಲು ಹೊಡೆಯುವ ತಂಡದ ಆಟ. ಅದರ ಆಟಗಾರರ ಪರಿಚಯ ಲೇಖನಗಳು ಹೆಚ್ಚಾಗಿ ಕೆಡುವುದು ಅಂಕಿಗಳಲ್ಲೇ. ಮೊದಲ ವಾಕ್ಯಕ್ಕೆ ಕೈ ಹಾಕುವ ಮುನ್ನ ಹಾಳೆಯ ಮೇಲೆ ಎರಡು ಕಾಲಂ ಎಳೆದುಕೊಳ್ಳಿ: ಒಂದು ಮೈದಾನದ ಆಟಕ್ಕೆ, ಇನ್ನೊಂದು ಬಾಕ್ಸ್ ಆಟಕ್ಕೆ. ಮೈದಾನದಲ್ಲಿ ತಂಡಕ್ಕೆ 10 ಮಂದಿ, ಗೋಲು 6 ಅಡಿ ಅಗಲ, 6 ಅಡಿ ಎತ್ತರ. ಬಾಕ್ಸ್ ಆಟ ಒಳಾಂಗಣದ್ದು. ಗೋಲ್‌ಕೀಪರ್ ಸೇರಿ 6 ಮಂದಿ, ಗೋಲಿನ ಎತ್ತರ ಸುಮಾರು 4 ಅಡಿ. ಎರಡರ ಲೆಕ್ಕವನ್ನೂ ಕೂಡಿಸಿದರೆ ಟೆಸ್ಟ್ ರನ್ನನ್ನು ಟಿ20 ರನ್ನಿನ ಜೊತೆ ಕೂಡಿಸಿದ ಹಾಗಾಗುತ್ತದೆ.

ಗ್ಯಾರಿ ಗೇಟ್ 1967ರಲ್ಲಿ ಹುಟ್ಟಿದವರು, ಊರು ಕೆನಡಾದ ವಿಕ್ಟೋರಿಯಾ. ಆಡಿದ್ದು ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಪರ, ಅವಳಿ ಸಹೋದರ ಪಾಲ್ ಕೂಡ ಅದೇ ತಂಡದಲ್ಲಿದ್ದರು. ಹಾಗಾಗಿ ಹಳೇ ಫೋಟೊ ಹಾಕುವಾಗ ಮುಖ ನಂಬಬೇಡಿ, ಅಂಗಿಯ ಸಂಖ್ಯೆ ನೋಡಿ: ಗ್ಯಾರಿ 22, ಪಾಲ್ 19.

ಮೈದಾನದ ಕಾಲಂ ತುಂಬುವುದು ಸುಲಭ. 1988ರ ಒಂದೇ ಋತುವಿನಲ್ಲಿ ಗ್ಯಾರಿ ಹೊಡೆದದ್ದು 70 ಗೋಲು, ವಿಶ್ವವಿದ್ಯಾಲಯದ ನಾಲ್ಕು ವರ್ಷಕ್ಕೆ 192. ಇವು ಬರೀ ಗೋಲು. ‘ಪಾಯಿಂಟ್’ ಎಂದರೆ ಗೋಲುಗಳಿಗೆ ಅಸಿಸ್ಟ್ (ಬೇರೆಯವರ ಗೋಲಿಗೆ ಕೊಟ್ಟ ಪಾಸ್) ಕೂಡಿಸಿದ್ದು, ಆ ಪದ ಇಲ್ಲಿ ಬೇಡ. ತಂಡ 1988, 1989, 1990ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು, ಆದರೆ 1990ರದ್ದನ್ನು ಅಲ್ಲಿನ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಆಮೇಲೆ ದಾಖಲೆಯಿಂದ ತೆಗೆದುಹಾಕಿತು. ಎರಡನ್ನೂ ಬರೆಯಿರಿ. ಒಂದನ್ನು ಬಿಟ್ಟರೂ ತಿಳಿದವರು ಹಿಡಿದೇ ಹಿಡಿಯುತ್ತಾರೆ.

‘ಏರ್ ಗೇಟ್’ ಎಂದೇ ಹೆಸರಾದ ಅವರ ಗೋಲಿಗೆ ಮಾತ್ರ ಒಂದು ಪೂರ್ತಿ ಪ್ಯಾರಾ ಕೊಡಿ. 1988ರ ಸೆಮಿಫೈನಲ್, ಎದುರಾಳಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ. ಗೇಟ್ ಗೋಲಿನ ಹಿಂದಿನಿಂದ ಓಡಿಬಂದು ನೆಗೆದರು. ಗಾಳಿಯಲ್ಲಿದ್ದಾಗಲೇ ಕೋಲನ್ನು ಅಡ್ಡಪಟ್ಟಿಯ ಮೇಲಿಂದ ಆಚೆಗೆ ಚಾಚಿ, ಚೆಂಡನ್ನು ಕೆಳಮುಖವಾಗಿ ಬಲೆಗೆ ಬಡಿದರು. ಅದೇ ಪಂದ್ಯದಲ್ಲಿ ಇನ್ನೊಮ್ಮೆಯೂ! ‘ಅದ್ಭುತ ಗೋಲು’ ಎಂದಷ್ಟೇ ಬರೆದರೆ ಓದುಗರ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಹಿಂದಿನಿಂದ, ಮೇಲಿಂದ, ಕೆಳಕ್ಕೆ: ಈ ಮೂರು ದಿಕ್ಕು ಬರಲೇಬೇಕು. ಅಡ್ಡಪಟ್ಟಿ 6 ಅಡಿ ಎತ್ತರದಲ್ಲಿದೆ ಎಂಬುದನ್ನೂ ಅಲ್ಲೇ ನೆನಪಿಸಿ.

ಬಾಕ್ಸ್ ಕಾಲಂನಲ್ಲಿ ಎಡವುವುದು ತಂಡಗಳ ಹೆಸರಿನಲ್ಲಿ. 1991ರಲ್ಲಿ ಡೆಟ್ರಾಯಿಟ್ ಟರ್ಬೋಸ್, ಬಳಿಕ ಫಿಲಡೆಲ್ಫಿಯಾ ವಿಂಗ್ಸ್. ಆಮೇಲೆ ಬಾಲ್ಟಿಮೋರ್, ಪಿಟ್ಸ್‌ಬರ್ಗ್, ವಾಷಿಂಗ್ಟನ್, ಕೊಲರಾಡೊ. ಈ ನಾಲ್ಕನ್ನು ನೋಡಿ ಆಟಗಾರ ಪದೇ ಪದೇ ತಂಡ ಬಿಟ್ಟರು ಎಂದು ಬರೆದುಬಿಡಬೇಡಿ. ಒಂದೇ ಫ್ರಾಂಚೈಸಿ ಊರು ಬದಲಿಸುತ್ತಾ ಹೋಯಿತು, ಅಷ್ಟೆ. ಲೀಗಿನ ಹೆಸರೂ ನಡುವೆ ಬದಲಾಗಿದೆ: ಮೊದಲು ಮೇಜರ್ ಇಂಡೋರ್ ಲ್ಯಾಕ್ರಾಸ್ ಲೀಗ್, ನಂತರ ನ್ಯಾಷನಲ್ ಲ್ಯಾಕ್ರಾಸ್ ಲೀಗ್.

ನಿವೃತ್ತಿಯ ಇಸವಿ ಕೊನೆಗೆ ತುಂಬಿ. 2005 ಎಂದು ಗುರುತು ಹಾಕಿ ಗೆರೆ ಎಳೆದರೆ ತಪ್ಪಾಗುತ್ತದೆ: 2006ರಲ್ಲಿ ಅವರು ಕೆನಡಾ ಪರ ಮೈದಾನದ ವಿಶ್ವ ಚಾಂಪಿಯನ್‌ಷಿಪ್ ಗೆದ್ದರು, 2009ರಲ್ಲಿ ರೋಚೆಸ್ಟರ್ ತಂಡದಲ್ಲಿ ಮತ್ತೆ ಬಾಕ್ಸ್ ಆಡಿದರು. ಕೋಚ್ ಆಗಿ ಮಾಡಿದ ಕೆಲಸಕ್ಕೆ ಮೂರನೇ ಕಾಲಂ ಎಳೆಯಿರಿ; ಸಿರಾಕ್ಯೂಸ್‌ನಲ್ಲಿ ಮೊದಲು ಮಹಿಳಾ ತಂಡ, 2021ರಿಂದ ಪುರುಷರ ತಂಡ.