ಮೂರನೆಯ ಸಲ ನಿಂತ ಮಣ್ಣಿನ ಕಟ್ಟೆ: ನನ್ನ ಅನುಭವ

ನಾಗಮಂಗಲದ ಕಡೆ ನಮ್ಮ ಹಳ್ಳಕ್ಕೆ ಅಡ್ಡಲಾಗಿ ನಾನು ಹಾಕಿದ ಕಟ್ಟೆ ಎರಡು ಸಲ ಕೊಚ್ಚಿಹೋದುದನ್ನು ಊರೆಲ್ಲ ನೋಡಿದೆ. 2022ರ ಮಳೆಗೆ ಅದೇ ಜಾಗದ ಮೂರನೆಯ ಕಟ್ಟೆ ಅಲುಗಾಡದೆ ನಿಂತು, ಕೆಳಗಿನ ಗದ್ದೆಗಳನ್ನು ಉಳಿಸಿತು.

ಮೊದಲನೆಯದು ಒಡೆದದ್ದು ತೂಬಿನ ಕೊಳವೆಯ ಪಕ್ಕದಲ್ಲಿ. ಕೊಳವೆಯ ಅಡಿಗೆ ಕೈಯಿಂದ ಮಣ್ಣು ತುರುಕಿ ದಮ್ಮಸ್ಸು ಮಾಡದೆ ಜೆಸಿಬಿಯಿಂದ ಸುರಿಸಿಬಿಟ್ಟಿದ್ದೆ. ಸಂಜೆ ಏರಿಯ ಬುಡದಲ್ಲಿ ಬೆರಳುಗಾತ್ರದ ಕೆನ್ನೀರು ಜಿನುಗುತ್ತಿತ್ತು. ಬೆಳಗಾಗುವಷ್ಟರಲ್ಲಿ ಅಲ್ಲಿ ಎತ್ತಿನಗಾಡಿ ದಾಟುವಷ್ಟು ಕಂಡಿ ಬಿದ್ದಿತ್ತು, ಸುಮಾರು ಒಂದೂವರೆ ಲಕ್ಷ ರೂಪಾಯಿ ಹಳ್ಳದ ಪಾಲಾಗಿತ್ತು. ಎರಡನೆಯ ಸಲ, ಗುತ್ತಿಗೆದಾರನ ಮಾತು ಕೇಳಿ, ಕೋಡಿಯನ್ನು ಹೊಸ ಮಣ್ಣಿನ ಮೇಲೆಯೇ ಬಿಟ್ಟದ್ದರಿಂದ ಮತ್ತೆ ಎಂಬತ್ತು ಸಾವಿರ ಹೋಯಿತು.

ಮೂರನೆಯ ಸಲ ಗಟ್ಟಿ ಗರಸು ಸಿಗುವವರೆಗೆ ಅಡಿಪಾಯ ತೋಡಿಸಿ, ಕೆರೆಗೋಡನ್ನು ಕೆಂಪುಮಣ್ಣಿನೊಡನೆ ಬೆರೆಸಿ, ಆರಂಗುಲದ ಪದರಗಳಲ್ಲಿ ನೀರು ಚಿಮುಕಿಸಿ ರೋಲರ್ ಹೊಡೆಸಿದೆ. ಆ ಬೆರಕೆಯ ಪ್ರಮಾಣವನ್ನು ಇಲ್ಲಿ ಹೇಳುವುದಿಲ್ಲ, ಅದಕ್ಕೆ ನನ್ನ ಎರಡು ಬೇಸಿಗೆಗಳು ಹಿಡಿದಿವೆ. ಕೊಳವೆಯ ಹೊರಮೈಗುಂಟ ನೀರು ಜಿನುಗದಂತೆ ಅದರ ಸುತ್ತ ಮೂರು ಜಾಗದಲ್ಲಿ ಕಾಂಕ್ರೀಟಿನ ಕೊರಳಪಟ್ಟಿ ಕೂರಿಸಿದೆ, ಕೋಡಿಯನ್ನು ಪಕ್ಕದ ದಿಣ್ಣೆಯ ಹಾಸುಬಂಡೆಯ ಮೇಲೆ ತೆಗೆದೆ, ಒಳಮೈ ಇಳಿಜಾರನ್ನು ಒಂದು ಅಡಿ ಎತ್ತರಕ್ಕೆ ಮೂರು ಅಡಿ ಅಗಲದಂತೆ ಇಳಿಸಿ ಕಲ್ಲು ಹೊದಿಸಿದೆ. ಒಟ್ಟು ನಾಲ್ಕೂವರೆ ಲಕ್ಷದ ಆಸುಪಾಸು ಆಯಿತು. ಇಷ್ಟು ಬಿಗಿಯಾದ ಏರಿ ನಮ್ಮ ಸುತ್ತಿನಲ್ಲಿ ಮತ್ತೊಂದಿಲ್ಲ.

ಹದಿನೈದು ಅಡಿ ಏರಿಯಲ್ಲಿ ಐದೇ ಅಡಿ ನೀರು ನಿಲ್ಲುತ್ತದೆ. ಆ ಮಟ್ಟದಲ್ಲಿ ಕೊಳವೆಯ ಬಾಯಿ ಸದಾ ತೆರೆದಿರುವುದರಿಂದ, ಕೋಡಿಯವರೆಗಿನ ಏಳು ಅಡಿ ಖಾಲಿ ಜಾಗವು ಒಮ್ಮೆಗೇ ನುಗ್ಗುವ ಪ್ರವಾಹವನ್ನು ತಡೆದಿಟ್ಟುಕೊಂಡು, ಒಂದೆರಡು ದಿನಗಳಲ್ಲಿ ನಿಧಾನವಾಗಿ ಬಿಡುತ್ತದೆ. ಒಂದು ವರ್ಷ ಕಾಟ್ಲಾ ಮರಿ ಬಿಟ್ಟು, ಅವು ಹೊರಹೋಗದಿರಲೆಂದು ಆ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿದ್ದೆ; ಹೊಂಗೆಯ ತರಗೆಲೆ ಅದಕ್ಕೆ ಅಂಟಿ, ಒಂದೇ ರಾತ್ರಿಗೆ ನೀರು ಕೋಡಿ ಮುಟ್ಟಿತು. ಕತ್ತಲಲ್ಲೇ ಹರಿಗೋಲಿನಲ್ಲಿ ಹೋಗಿ ಕುಡುಗೋಲಿನಿಂದ ಜಾಲರಿ ಹರಿದೆ, ಮೀನಿನ ಆಸೆ ಅಲ್ಲಿಗೆ ಬಿಟ್ಟೆ.

ಅದೇ ಹರಿಗೋಲಿನಲ್ಲಿ ಈಗ ಭಾನುವಾರ ಮನೆಯ ಮಕ್ಕಳು, ಮೈಸೂರಿನಿಂದ ಬರುವ ನೆಂಟರು ಸುತ್ತಾಡುತ್ತಾರೆ. ಇನ್ನೆರಡು ಅಡಿ ನೀರು ನಿಲ್ಲಿಸಿದರೆ ಆಚೆ ದಡದ ಮಾವಿನ ಮರದವರೆಗೂ ಹೋಗಬಹುದೆಂದು ಪ್ರತಿ ಸಲ ಕೇಳುತ್ತಾರೆ, ನಾನು ಒಪ್ಪಿಲ್ಲ.