ಕರಾವಳಿಯ ಹಳೆ ಮಾರುತಿ 800: ತುಕ್ಕಿಗಿಂತ ಮೊದಲು ನೀರು ಹುಡುಕಿ

ಮಾರುತಿ 800ರ ಎಂಜಿನ್ ಅಷ್ಟು ಸುಲಭಕ್ಕೆ ಕೈಕೊಡುವುದಿಲ್ಲ. 796 ಸಿಸಿ, ಮೂರು ಸಿಲಿಂಡರ್. ಅದೇ ಎಂಜಿನ್ ಓಮ್ನಿಯಲ್ಲೂ ಇತ್ತು. ಹಾಗಾಗಿ 2014ರ ಜನವರಿಯಲ್ಲಿ 800ರ ತಯಾರಿ ನಿಂತರೂ ಬಿಡಿಭಾಗಕ್ಕೆ ಇನ್ನೂ ಪರದಾಡಬೇಕಿಲ್ಲ. ಈ ಗಾಡಿ ಹಾಳಾಗುವುದು ತಳದಿಂದ. ಅದರಲ್ಲೂ ನಮ್ಮ ಉಡುಪಿ, ಕುಂದಾಪುರದ ಕಡೆ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಜೊತೆಗೆ ಉಪ್ಪುಗಾಳಿ. ನನ್ನದು 1998ರ ಬಿಳಿ ಗಾಡಿ, ಕಾರ್ಬುರೇಟರ್‌ನದ್ದು. ಗುಜರಿಯವನ ಕೂಗು ಕೇಳಿದಾಗಲೆಲ್ಲ ನಮ್ಮ ಮನೆಯವರು ಒಮ್ಮೆ ಅದರ ಕಡೆ ನೋಡುತ್ತಾರೆ.

ತುಕ್ಕು ಕಂಡ ಕೂಡಲೇ ಉಪ್ಪುಕಾಗದ ಹಿಡಿದು ಉಜ್ಜಬೇಡಿ. ನೀರು ಎಲ್ಲಿಂದ ಬರುತ್ತಿದೆ ನೋಡಿ. ಅದು ನಿಲ್ಲದಿದ್ದರೆ ಎಷ್ಟು ಪೇಂಟ್ ಬಳಿದರೂ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕತೆ.

ಮುಂದಿನ ಮ್ಯಾಟ್, ಕಾರ್ಪೆಟ್ ಎರಡನ್ನೂ ಎತ್ತಿ. ಕಾಲಿಡುವ ಜಾಗ ಒದ್ದೆ ಇದ್ದರೆ ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಿ, ಇನ್ನೊಬ್ಬರು ಮುಂದಿನ ಗಾಜಿನ ರಬ್ಬರ್ ಬೀಡಿಂಗ್ ಮೇಲೆ ಚೊಂಬಿನಿಂದ ನಿಧಾನಕ್ಕೆ ನೀರು ಸುರಿಯಲಿ. ಮೂಲೆಯಿಂದ ಜಿನುಗಿದರೆ ಬೀಡಿಂಗ್ ಬದಲಿಸಬೇಕು. ಅಲ್ಲಿ ಇಲ್ಲ ಅಂದರೆ ವೈಪರ್ ಕೆಳಗಿನ ಜಾಲರಿ ನೋಡಿ. ಹಲಸಿನ ಮರದಡಿ ನಿಲ್ಲಿಸುವ ಗಾಡಿಯಾದರೆ ಅಲ್ಲಿ ಎಲೆ ಕೊಳೆತು ಗೊಬ್ಬರವೇ ಆಗಿರುತ್ತದೆ. ಏಸಿ ಇದ್ದರೆ ಅದರ ನೀರು ಹೋಗುವ ಪೈಪ್ ಕಟ್ಟಿಕೊಂಡಿರಬಹುದು. ಬಾಗಿಲಿನ ಅಡಿಯಲ್ಲಿ ಸಣ್ಣ ತೂತುಗಳಿವೆ, ಒಳಗೆ ಇಳಿದ ನೀರು ಹೊರಗೆ ಹೋಗಲಿ ಅಂತಲೇ ಇಟ್ಟಿದ್ದು. ಪೇಂಟ್ ಮಾಡುವವರು ಅವನ್ನು ಮುಚ್ಚಿಬಿಡುತ್ತಾರೆ. ತಂತಿ ತೂರಿಸಿ ಬಿಡಿಸಿ.

ಈಗ ಸ್ಕ್ರೂಡ್ರೈವರ್‌ನ ಹಿಡಿಯಿಂದ ತಳವನ್ನು ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ಮಂದ ಸದ್ದು ಬಂದ ಕಡೆ ತುದಿಯಿಂದ ಒತ್ತಿ ನೋಡಿ. ಹೊರಗಿನ ತಗಡಿಗೆ ಅಯಸ್ಕಾಂತ ಹಿಡಿಯಿರಿ, ಅಂಟದ ಕಡೆ ಯಾರೋ ಪುಟ್ಟಿ ತುಂಬಿದ್ದಾರೆ ಅಂತ ಅರ್ಥ. ಬ್ಯಾಟರಿ ಟ್ರೇ, ರನ್ನಿಂಗ್ ಬೋರ್ಡ್ (ಬಾಗಿಲ ಕೆಳಗಿನ ಪಟ್ಟಿ), ಸ್ಟೆಪ್ನಿ ಇಡುವ ಗುಂಡಿ, ಚಕ್ರದ ಮೇಲಿನ ಕಮಾನು, ಇವಿಷ್ಟನ್ನು ಬಿಡದೆ ನೋಡಿ.

ಮೇಲ್ಮೈ ತುಕ್ಕಾದರೆ ಮನೆಯಲ್ಲೇ ಮಾಡಬಹುದು. ಜನವರಿ, ಫೆಬ್ರವರಿ ಒಳ್ಳೆಯ ಸಮಯ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಸೀಟು ಹೊರಗೆ ತೆಗೆಯಿರಿ. ತಳಕ್ಕೆ ಅಂಟಿಸಿದ ಡಾಂಬರು ಶೀಟು ಉಬ್ಬಿದ್ದರೆ ಉಳಿಯಿಂದ ಎಬ್ಬಿಸಿ, ಅದರಡಿಯಲ್ಲೇ ತುಕ್ಕು ಅಡಗಿರುವುದು. ವೈರ್ ಬ್ರಷ್, ಆಮೇಲೆ 80 ನಂಬರ್ ಎಮರಿ ಕಾಗದ, ಕೊನೆಗೆ 220. ತಗಡು ಹೊಳೆಯಬೇಕು. ಗುಳಿಗಳೊಳಗೆ ಕಪ್ಪು ಚುಕ್ಕೆ ಉಳಿದೇ ಉಳಿಯುತ್ತದೆ. ಅದಕ್ಕೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಿ. ತುಕ್ಕಿನ ಜೊತೆ ಸೇರಿ ಅದು ಗಟ್ಟಿ ಫಾಸ್ಫೇಟ್ ಪದರವಾಗುತ್ತದೆ. ಕೈಗವಸು, ಕನ್ನಡಕ ಬೇಕೇ ಬೇಕು. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಒಣಗಿದ ಮೇಲೆ ಪ್ರೈಮರ್. ಇದನ್ನು ನಾಳೆಗೆ ಇಡಬೇಡಿ. ನಮ್ಮ ಗಾಳಿಗೆ ಬೆಳಿಗ್ಗೆ ಉಜ್ಜಿದ ತಗಡು ಸಂಜೆಗೇ ಕೆಂಪಾಗಲು ಶುರುವಾಗುತ್ತದೆ. ಎಪಾಕ್ಸಿ ಪ್ರೈಮರ್ ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ರೆಡ್ ಆಕ್ಸೈಡ್ ಎರಡು ಕೋಟ್. ಜೋಡಣೆಗಳಿಗೆ ಸೀಲರ್, ಅದರ ಮೇಲೆ ಪೇಂಟ್. ಅಂಡರ್‌ಕೋಟಿಂಗ್ ಹೊರಗಿನ ತಳಕ್ಕೆ ಮಾತ್ರ, ಅದೂ ಪ್ರೈಮರ್ ಆದ ಮೇಲೆ. ತುಕ್ಕಿನ ಮೇಲೆ ಹೊಡೆಸಿದರೆ ನೀರನ್ನು ಒಳಗೇ ಕಟ್ಟಿಹಾಕಿದಂತೆ. ಹಳೆ ಎಂಜಿನ್ ಆಯಿಲ್ ಬಳಿಯಿರಿ ಅಂತ ಸಲಹೆ ಕೊಡುವವರು ಪ್ರತಿ ಊರಲ್ಲೂ ಇದ್ದಾರೆ. ನನಗೆ ಅದು ಸರಿ ಬರುವುದಿಲ್ಲ. ರಬ್ಬರ್ ಬುಷ್ ಹಾಳು, ಅಂಗಳವೂ ಹಾಳು.

ತೂತು ಬಿದ್ದಿದ್ದರೆ ಟಿಂಕರಿಂಗ್ ಕೆಲಸ. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ 20 ಗೇಜ್ ಶೀಟು ಹಾಕಿಸಿ. ಸಿಒಟು (CO2 ಗ್ಯಾಸ್ ಬಳಸುವ) ವೆಲ್ಡಿಂಗ್ ಇರುವ ಕಡೆ ಹೋಗಿ. ಆರ್ಕ್ ವೆಲ್ಡಿಂಗ್‌ಗೆ ಈ ತೆಳು ತಗಡು ಉರಿದೇ ಹೋಗುತ್ತದೆ. ಪೆಟ್ರೋಲ್ ಪೈಪ್ ತಳದಲ್ಲೇ ಹಾದುಹೋಗುತ್ತದೆ, ಟ್ಯಾಂಕ್ ಹಿಂದೆ ಇದೆ. ಅವನ್ನು ಬಿಚ್ಚದೆ ಯಾರೂ ಬೆಂಕಿ ಹಚ್ಚಬಾರದು. ಮುಂದಿನ ಶಾಕ್ ಅಬ್ಸಾರ್ಬರ್‌ನ ಮೇಲ್ತುದಿ ಕೂರುವ ಜಾಗ, ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮ್ ಕೂರುವ ಜಾಗ, ಜಾಕ್ ಕೊಡುವ ಜಾಗ, ಇವು ತಿಂದುಹೋಗಿದ್ದರೆ ಸ್ವಂತ ಪ್ರಯೋಗ ಬೇಡ.

ಅಂದ ಹಾಗೆ, ಜಾಕ್ ಒಂದನ್ನೇ ನಂಬಿ ಅಡಿಗೆ ನುಗ್ಗಬೇಡಿ. ನಮ್ಮ ಕಡೆ ಕೈಗೆ ಸಿಗುವುದು ಕೆಂಪುಕಲ್ಲು. ಅದೂ ಬೇಡ, ಭಾರಕ್ಕೆ ಪುಡಿಯಾಗುತ್ತದೆ. ಕಬ್ಬಿಣದ ಸ್ಟ್ಯಾಂಡ್ ತನ್ನಿ.

ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬೆಳಿಗ್ಗೆ ಸುತ್ತಿಗೆಯಿಂದ ತಲೆಗೆ ನಾಲ್ಕು ಏಟು. ಮೊದಲು ಒಂಚೂರು ಬಿಗಿ ಮಾಡಿ, ಆಮೇಲೆ ಬಿಚ್ಚಿ. ವಾಪಸ್ ಹಾಕುವಾಗ ಚಕ್ರ ಮತ್ತು ಬ್ರೇಕಿನ ಬೋಲ್ಟುಗಳನ್ನು ಬಿಟ್ಟು ಉಳಿದವಕ್ಕೆ ಸ್ವಲ್ಪ ಗ್ರೀಸ್ ಸಾಕು.

ಇನ್ನು ಮೆಕ್ಯಾನಿಕಲ್ ತೊಂದರೆಗಳು. ಇವುಗಳ ಹಿಂದೆಯೂ ಎಷ್ಟೋ ಸಲ ನೀರೇ ಇರುತ್ತದೆ. ಸ್ಟಾರ್ಟರ್ ನರಳುತ್ತದೆ, ಹೆಡ್‌ಲೈಟ್ ಮಂದ, ಬ್ಯಾಟರಿ ಬದಲಿಸಿದರೂ ಅದೇ ಹಾಡು. ಇಂಥ ಹೊತ್ತಲ್ಲಿ ಅರ್ಥ್ ವೈರ್, ಅಂದರೆ ಬ್ಯಾಟರಿಯ ನೆಗೆಟಿವ್‌ನಿಂದ ಹೋಗುವ ವೈರ್ ನೋಡಿ. ಮಲ್ಟಿಮೀಟರ್‌ನ ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್‌ನ ಬರಿ ಲೋಹಕ್ಕೆ ಇಟ್ಟು ಯಾರಾದರೂ ಸ್ಟಾರ್ಟ್ ಮಾಡಲಿ. 0.5 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ವೈರ್ ಕೂರುವ ಜಾಗ ತುಕ್ಕು ಹಿಡಿದಿದೆ. ಬಿಚ್ಚಿ, ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಹಚ್ಚಿ.

ಎಂಜಿನ್ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದಿದ್ದಾಗ) ನಿಲ್ಲದಿದ್ದರೆ ಸುಮ್ನೆ ಕಾರ್ಬುರೇಟರ್ ಸ್ಕ್ರೂ ತಿರುಗಿಸಬೇಡಿ. ಪೆಟ್ರೋಲ್ ಫಿಲ್ಟರ್ ನೋಡಿ. ಒಳಗೆ ಕಂದು ಪುಡಿ ಇದ್ದರೆ ಟ್ಯಾಂಕ್ ತುಕ್ಕು ಹಿಡಿದಿದೆ, ಕಾರ್ಬುರೇಟರ್‌ನಲ್ಲಿ ಐಡಲ್‌ಗೆ ಪೆಟ್ರೋಲ್ ಬಿಡುವ ಸಣ್ಣ ತೂತು, ಸ್ಲೋ ಜೆಟ್, ಕಟ್ಟಿಕೊಳ್ಳಲು ಅಷ್ಟು ಸಾಕು. ಈಗ ಬಂಕಿನಲ್ಲಿ ಸಿಗುವುದು ಶೇ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರನ್ನು ಹೀರುತ್ತದೆ, ಹಳೆ ರಬ್ಬರನ್ನು ಕೆಡಿಸುತ್ತದೆ. ಪೆಟ್ರೋಲ್ ಹೋಸ್ ಗಟ್ಟಿಯಾಗಿದ್ದರೆ, ಬಿರುಕು ಬಿಟ್ಟಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ವ್ಯಾಕ್ಯೂಮ್ ಪೈಪುಗಳನ್ನೂ ಬೆರಳಿಂದ ಬಗ್ಗಿಸಿ ನೋಡಿ. ಇಷ್ಟಾದ ಮೇಲೂ ಸರಿಯಾಗದಿದ್ದರೆ ಕಾರ್ಬುರೇಟರ್ ಬಿಚ್ಚಿ.

ರೇಡಿಯೇಟರ್‌ಗೆ ಬಾವಿ ನೀರು ಹಾಕುವವರು ಜಾಸ್ತಿ. ಸಮುದ್ರದ ಹತ್ತಿರದ ಬಾವಿಯಲ್ಲಿ ಉಪ್ಪಿನಂಶ ಇರುತ್ತದೆ, ಅಲ್ವಾ? ಈ ಎಂಜಿನ್ನಿನ ಬ್ಲಾಕ್ ಕಬ್ಬಿಣದ್ದು. ನೀರು ಕಂದಾಗಿದ್ದರೆ ಎಂಜಿನ್ ತಣ್ಣಗಿರುವಾಗ ಪೂರ್ತಿ ಖಾಲಿ ಮಾಡಿ, ತೊಳೆದು, ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಹಾಕಿ. ಬಿಸಿಯಾಗುತ್ತದೆ ಅಂತ ಥರ್ಮೋಸ್ಟಾಟ್ (ಕೂಲಂಟ್ ಹರಿವನ್ನು ನಿಯಂತ್ರಿಸುವ ವಾಲ್ವ್) ಕಿತ್ತು ಬಿಸಾಡುವ ಮೆಕ್ಯಾನಿಕ್ ಸಿಕ್ಕರೆ ಬೇರೆ ಗ್ಯಾರೇಜ್ ನೋಡಿ. ಫ್ಯಾನ್ ತಿರುಗುತ್ತಿದೆಯಾ ಅಂತ ಮೊದಲು ನೋಡಬೇಕಿತ್ತು ಅವನು.

ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಅಂದರೆ ಮುಂದಿನ ಚಕ್ರಕ್ಕೆ ಎಂಜಿನ್ ಶಕ್ತಿ ಕೊಡುವ ಸಿವಿ ಜಾಯಿಂಟ್ ಸವೆದಿದೆ. ಅದರ ರಬ್ಬರ್ ಬೂಟ್ ಹರಿದು ಮಣ್ಣು, ನೀರು ಒಳಗೆ ಹೋಗಿರುತ್ತದೆ. ಹರಿದ ಕೂಡಲೇ ಬೂಟ್ ಬದಲಿಸಿದರೆ ಖರ್ಚು ಕಡಿಮೆ.

ಬ್ರೇಕಿನ ಲೋಹದ ಪೈಪಿನ ತುಕ್ಕು ಒರೆಸಿದರೆ ಹೋಗದೆ ಗುಳಿ ಕಂಡರೆ ಪೈಪನ್ನೇ ಬದಲಿಸಿ. ಪೆಡಲ್ ನಿಧಾನಕ್ಕೆ ಇಳಿಯುತ್ತಾ ಹೋದರೆ ಗಾಡಿ ತೆಗೆಯಲೇಬೇಡಿ. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ದಿನಗಟ್ಟಲೆ ನಿಲ್ಲಿಸಿದರೆ ಹಿಂದಿನ ಶೂ ಡ್ರಮ್‌ಗೆ ಹಿಡಿದುಕೊಳ್ಳುತ್ತದೆ. ಸಮತಟ್ಟು ಜಾಗದಲ್ಲಿ ಫಸ್ಟ್ ಗೇರ್ ಹಾಕಿ, ಚಕ್ರಕ್ಕೆ ಮರದ ತುಂಡು ಕೊಡಿ.

ಮರವಂತೆ, ಮಲ್ಪೆಯ ಕಡಲತೀರಕ್ಕೆ ಹೋಗಿ ಬಂದರೆ ಮರುದಿನವೇ ಸಿಹಿನೀರಲ್ಲಿ ತಳ ತೊಳೆಯಿರಿ. ಮೇಲಿನ ಪಾಲಿಶ್ ಆಮೇಲೆ ಮಾಡಿದರೂ ನಡೆಯುತ್ತದೆ. ಮೇ ಕೊನೆಗೆ ಒಮ್ಮೆ, ಮಳೆ ಮುಗಿದ ಮೇಲೆ ಇನ್ನೊಮ್ಮೆ ಕಾರ್ಪೆಟ್ ಎತ್ತಿ ನೋಡಿ. ಒದ್ದೆ ಇದ್ದರೆ ಮತ್ತೆ ಚೊಂಬು, ಟಾರ್ಚ್.